ಎಂಟೂವರೆಯ ಅಂಕಿಗಳು

೧೮ ಆಗಸ್ಟ್

ಸಣ್ಣ ಸಾಹೇಬರಿಗೆ,

ನೀನು ಸುಖವಾಗಿ ತಲುಪಿದ ಸುದ್ದಿ ನಿಮ್ಮಮ್ಮನ ಫೋನಿನಿಂದ ಗೊತ್ತಾಯಿತು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ. ನಿಮ್ಮಮ್ಮ ಮಾತಾಡುತ್ತಾಳೆ, ನಾನು ಪಕ್ಕದಲ್ಲಿ ಕೂತು ಕೆಮ್ಮುತ್ತೇನೆ. ಕೊನೆಗೆ ಫೋನು ನನ್ನ ಕೈಗೆ ಬಂದಾಗ ಊಟ ಆಯ್ತಾ ಅನ್ನುವಷ್ಟರಲ್ಲಿ ಹೇಳಬೇಕೆಂದುಕೊಂಡದ್ದೆಲ್ಲ ಮರೆತುಹೋಗಿರುತ್ತದೆ. ಅದಕ್ಕೇ ಕಾಗದ ಹಿಡಿದಿದ್ದೇನೆ. ನಿನಗೂ ಬಿಡುವಾದಾಗ ನಾಲ್ಕು ಸಾಲು ಬರೆ, ಟೈಪು ಮಾಡಿದ್ದು ಬೇಡ.

ಇಲ್ಲಿ ಎಲ್ಲ ಎಂದಿನಂತೆ. ಬೆಳಿಗ್ಗೆ ಎಂಟೂವರೆಗೆ ಬೇಲಿಯೊಳಗೆ ಹೋಗಿ, ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು ನಾಲ್ಕು ಥರ್ಮಾಮೀಟರು ನೋಡುತ್ತೇನೆ. ಮಳೆ ಡಬ್ಬಿಯ ನೀರು ಅಳೆಯುತ್ತೇನೆ, ಗಾಳಿ ಯಾವ ಕಡೆಯದೆಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಸಂಜೆ ಐದೂವರೆಗೆ ಮತ್ತೆ ಅದೇ. ಈ ಹವಾಮಾನ ಕೇಂದ್ರಕ್ಕೆ ಸಾಹೇಬನೂ ನಾನೇ, ಜವಾನನೂ ನಾನೇ. ನನ್ನ ಮೇಲೆ ಅಧಿಕಾರ ನಡೆಸುತ್ತಿದ್ದದ್ದು ನೀನೊಬ್ಬಳೇ. ಆರು ವರ್ಷದವಳಿದ್ದಾಗಲೇ ಹಿಂದೆ ನಿಂತು, ‘ಅಪ್ಪ, ಸರಿಯಾಗಿ ಬಗ್ಗಿ ನೋಡಿ’ ಎಂದು ಗದರಿಸುತ್ತಿದ್ದೆ. ಈಗ ತಪಾಸಣೆ ಇಲ್ಲದೆ ನಾನು ಸ್ವಲ್ಪ ಕೆಟ್ಟಿದ್ದೇನೆ ಅಂತ ನಿಮ್ಮಮ್ಮನ ದೂರು.

ಹೋದ ವರ್ಷವಿಡೀ ನಮ್ಮ ಮನೆ ನಿನ್ನ ಅರ್ಜಿಗಳ ಕಚೇರಿಯಾಗಿತ್ತು. ಊಟದ ಮೇಜಿನ ತುಂಬ ಒಂಬತ್ತು ವಿಶ್ವವಿದ್ಯಾಲಯಗಳ ಕಾಗದ, ಗೋಡೆಯ ಮೇಲೆ ಕೊನೆಯ ದಿನಾಂಕಗಳ ಪಟ್ಟಿ. ತಟ್ಟೆ ಇಡಲು ನಿಮ್ಮಮ್ಮ ನಿನ್ನ ಅಪ್ಪಣೆ ಕೇಳಬೇಕಿತ್ತು. ಎಂಟು ಕಡೆಯವರು ಇಲ್ಲ ಅಂದರು, ಒಂಬತ್ತನೆಯವರು ಹೂಂ ಅಂದರು. ಆ ಹೂಂ ಬಂದ ದಿನ ನೀನು ಅತ್ತದ್ದು ನೋಡಿ ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಒಂದು ಮಾತು ಮಾತ್ರ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಅರ್ಜಿಯ ಜೊತೆಗಿನ ನಿನ್ನ ಉದ್ದೇಶಪತ್ರದಲ್ಲಿ ನನ್ನ ಬಗ್ಗೆ ಬರೆದ ಸಾಲನ್ನು ತೆಗೆದುಹಾಕು ಅಂದಿದ್ದೆ. ‘ನನ್ನ ತಂದೆಯ ರಿಜಿಸ್ಟರಿನಲ್ಲಿ ಇಪ್ಪತ್ನಾಲ್ಕು ವರ್ಷಗಳಿಂದ ಒಂದು ದಿನವೂ ಖಾಲಿ ಇಲ್ಲ’ ಅಂತ. ನೀನು ಕೇಳಲಿಲ್ಲ, ನಾಚಿಕೊಳ್ಳುತ್ತೀರಿ ಎಂದು ನಕ್ಕುಬಿಟ್ಟೆ. ಹೋಗಲಿ, ಕೆಲಸ ಆಯಿತಲ್ಲ. ಬೆಚ್ಚಗೆ ಇರು.

ನಿನ್ನ ಅಪ್ಪ

೬ ಅಕ್ಟೋಬರ್

ಅಪ್ಪ,

ಕೈಬರಹ ಕೆಟ್ಟಿದ್ದರೆ ಬೈಯಬೇಡಿ, ಪೆನ್ನು ಹಿಡಿದು ತಿಂಗಳಾಗಿತ್ತು.

ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ. ಕಿಟಕಿ ಒಂದು ಗೇಣು ಮಾತ್ರ ತೆರೆಯುತ್ತದೆ, ಯಾರೂ ಹಾರದಿರಲಿ ಅಂತ ಹಾಗೆ ಮಾಡಿದ್ದಾರಂತೆ. ಜೊತೆಗಿರುವವಳು ಕಲ್ಲುಗಳ ಬಗ್ಗೆ ಓದುತ್ತಾಳೆ. ಚಪ್ಪಲಿ ಗೂಡಿನಲ್ಲಿ ಕಲ್ಲುಗಳಿವೆ, ಚಪ್ಪಲಿಗಳು ಮಂಚದ ಕೆಳಗಿವೆ. ಮೊದಲ ಎರಡು ವಾರ ಕಚೇರಿಯಿಂದ ಕಚೇರಿಗೆ ಓಡಾಡಿದ್ದೇ ಆಯಿತು. ಬ್ಯಾಂಕಿನವರು ಮನೆಯ ಕರಾರುಪತ್ರ ತಾ ಅಂದರು, ಮನೆಯವರು ಬ್ಯಾಂಕಿನ ಕಾಗದ ತಾ ಅಂದರು, ವಾಸದ ಪರವಾನಗಿಯವರು ಎರಡನ್ನೂ ತಾ ಅಂದರು. ಕೊನೆಗೆ ಪರವಾನಗಿ ಕೌಂಟರಿನ ಹೆಂಗಸಿನ ಮುಂದೆ ಅಳುವುದೊಂದು ಬಾಕಿ ಇತ್ತು. ಆಕೆಗೆ ಏನನ್ನಿಸಿತೋ, ಮುದ್ರೆ ಒತ್ತಿಕೊಟ್ಟರು.

ವಾರಕ್ಕೆರಡು ದಿನ ನಾನು ಚಿಕ್ಕ ತರಗತಿಯವರಿಗೆ ಪ್ರಯೋಗ ಹೇಳಿಕೊಡಬೇಕು. ಅವರು ನನ್ನ ಹೆಸರನ್ನು ಐದು ಬಗೆಯಲ್ಲಿ ಕೂಗುತ್ತಾರೆ, ಐದಕ್ಕೂ ಓ ಅನ್ನುತ್ತೇನೆ. ನನ್ನ ಗೈಡ್ ಬೆಳ್ಳಿಕೂದಲಿನ ಹೆಂಗಸು. ಸೇಬನ್ನು ಬೀಜದ ಸಮೇತ ತಿಂದುಬಿಡುತ್ತಾರೆ. ಮಾತು ಕಡಿಮೆ, ಕೇಳಿದ ಪ್ರಶ್ನೆಯನ್ನು ಮಾತ್ರ ಮರೆಯುವುದಿಲ್ಲ.

ಈಗ ಮುಖ್ಯ ವಿಷಯ. ನೀವು ತೆಗೆ ಅಂದಿರಲ್ಲ, ಆ ಸಾಲಿನಿಂದಲೇ ನಾನಿಲ್ಲಿರುವುದು! ಇನ್ನೂರ ಮೂವತ್ತು ಅರ್ಜಿಗಳಲ್ಲಿ ನನ್ನದನ್ನು ಎತ್ತಿಟ್ಟದ್ದು ಅದನ್ನು ಓದಿ ಎಂದು ಗೈಡ್ ತಾವೇ ಹೇಳಿದರು. ಸಣ್ಣ ಊರುಗಳಲ್ಲಿ ಒಬ್ಬನೇ ಮನುಷ್ಯ ಅಷ್ಟು ವರ್ಷ ಎಡೆಬಿಡದೆ ಅಳೆದ ಅಂಕಿಗಳು ಸಿಗುವುದು ಅಪರೂಪವಂತೆ. ಸೆಕೆ ಹೇಗೆ ಏರುತ್ತಿದೆ ಎಂದು ಅದರಿಂದ ತೋರಿಸಬಹುದು. ನನ್ನ ಸಂಶೋಧನೆ ಅದರ ಮೇಲೆಯೇ ಅಂತ ತೀರ್ಮಾನವಾಯಿತು. ನಿಮ್ಮ ಇಲಾಖೆಯ ಮುಖ್ಯ ಕಚೇರಿಯ ಒಪ್ಪಿಗೆಯನ್ನು ಗೈಡ್ ತರಿಸಿದ್ದಾರೆ. ನೀವು ರಿಜಿಸ್ಟರುಗಳ ಜೆರಾಕ್ಸ್ ಕಳಿಸಬೇಕು, ಎಲ್ಲ ಇಪ್ಪತ್ನಾಲ್ಕನ್ನೂ. ನಿಮ್ಮ ಹೆಸರು ನನ್ನ ಪ್ರಬಂಧದ ಮೊದಲ ಪುಟದಲ್ಲಿರುತ್ತದೆ.

ನಿಮ್ಮ
ಸಣ್ಣ ಸಾಹೇಬರು

೨ ನವೆಂಬರ್

ಮಗಳೇ,

ಪತ್ರ ಬಂತು. ನಿಮ್ಮಮ್ಮ ಎರಡು ಸಲ ಓದಿಸಿಕೊಂಡು, ಚಪ್ಪಲಿ ಗೂಡಿನ ಕಲ್ಲುಗಳ ವಿಚಾರವನ್ನು ಹೊಲಿಗೆ ಕಲಿಯಲು ಬರುವ ಹುಡುಗಿಯರಿಗೆಲ್ಲ ಹೇಳಿದ್ದಾಳೆ.

ರಿಜಿಸ್ಟರುಗಳ ಬಗ್ಗೆ. ಅವು ಹಳೆಯವು, ಕೆಲವಕ್ಕೆ ಹುಳ ಹತ್ತಿದೆ. ನಮ್ಮದು ಸಣ್ಣ ಕೇಂದ್ರ. ನದಿಯಾಚೆಯ ಕೇಂದ್ರ ದೊಡ್ಡದು, ಅಲ್ಲಿ ಮೂರು ಜನ ಇದ್ದಾರೆ, ಅವರ ಅಂಕಿಗಳೇ ನಿನಗೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅಪ್ಪನ ಅಂಕಿಗಳ ಮೇಲೆ ಮಗಳು ಸಂಶೋಧನೆ ಮಾಡಿದರೆ ನಾಳೆ ಯಾರಾದರೂ ಆಡಿಕೊಂಡಾರು. ಗೈಡ್‌ಗೆ ಇದನ್ನು ತಿಳಿಸಿ ನೋಡು.

ಮೇಲಿನದನ್ನು ಬರೆದು ಹತ್ತು ದಿನವಾಯಿತು, ಅಂಚೆಗೆ ಹಾಕಿರಲಿಲ್ಲ. ಅಷ್ಟರಲ್ಲಿ ನೀನು ಫೋನಿನಲ್ಲಿ ನಿಮ್ಮಮ್ಮನ ಹತ್ತಿರ, ಅಪ್ಪ ಯಾಕೆ ಕಳಿಸುತ್ತಿಲ್ಲ, ಇಲ್ಲಿ ಎಲ್ಲರ ಕೆಲಸ ಶುರುವಾಯಿತು, ನಾನೊಬ್ಬಳೇ ಕೈಕಟ್ಟಿ ಕೂತಿದ್ದೇನೆ ಎಂದು ಅತ್ತೆಯಂತೆ. ನೀನು ಕೇಳಿದ್ದಕ್ಕೆ ಇಲ್ಲ ಅಂದು ನನಗೆ ಅಭ್ಯಾಸವಿಲ್ಲ. ಜೆರಾಕ್ಸ್ ಮಾಡಿಸುತ್ತಿದ್ದೇನೆ. ಅಂಗಡಿಯವನು, ಏನ್ ಸಾರ್ ಇಡೀ ಇಲಾಖೇನೇ ಫಾರಿನ್ನಿಗೆ ಕಳಿಸ್ತಿದೀರಾ ಎಂದು ಕೇಳಿದ.

ಕಳಿಸುವ ಮೊದಲು ನಿನಗೆ ಒಂದು ಮಾತು ಹೇಳಬೇಕೆಂದು ಮೂರು ದಿನ ಒದ್ದಾಡಿದೆ. ಆಮೇಲೆ, ಇಷ್ಟು ದೂರದಿಂದ ಹೇಳುವ ಮಾತಲ್ಲ ಅನ್ನಿಸಿತು. ಚಳಿ ಶುರುವಾಗಿರಬೇಕು, ಕಿವಿ ಮುಚ್ಚಿಕೊಂಡು ಓಡಾಡು.

ಅಪ್ಪ

೧೧ ಫೆಬ್ರವರಿ

ಅಪ್ಪ,

ಈ ಪತ್ರವನ್ನು ನಾಲ್ಕನೆಯ ಸಲ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಬರೆದರೆ ನಿಮಗೂ ಹಿಂಸೆ, ನನಗೂ ಹಿಂಸೆ.

ನಿಮ್ಮ ಅಂಕಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಮುಗಿಸಿದೆ. ಎರಡು ತಿಂಗಳು ಹಿಡಿಯಿತು. ಹೊರಗೆ ಮೂರು ಗಂಟೆಗೇ ಕತ್ತಲಾಗುತ್ತಿತ್ತು, ಒಳಗೆ ನಿಮ್ಮ ಕೈಬರಹ ನೋಡುತ್ತ ಕೂತರೆ ಮನೆಯಲ್ಲೇ ಇದ್ದಂತೆ ಅನ್ನಿಸುತ್ತಿತ್ತು. ಆಮೇಲೆ ಅಕ್ಕಪಕ್ಕದ ಎರಡು ಕೇಂದ್ರಗಳ ಅಂಕಿಗಳ ಜೊತೆ ಹೋಲಿಸಿದೆ. ಇಲ್ಲಿ ಎಲ್ಲರೂ ಮಾಡಲೇಬೇಕಾದ ಕೆಲಸ ಅದು.

ಇಪ್ಪತ್ತೊಂಬತ್ತು ದಿನಗಳು ವಿಚಿತ್ರವಾಗಿವೆ. ಆ ದಿನಗಳ ಎಲ್ಲ ಅಂಕಿಗಳೂ ಹಿಂದಿನ ದಿನದ ಮತ್ತು ಮರುದಿನದ ಅಂಕಿಗಳ ನಟ್ಟನಡುವೆ ಇವೆ. ಬೆಳಿಗ್ಗೆಯದೂ ಹಾಗೇ, ಸಂಜೆಯದೂ ಹಾಗೇ. ಅವುಗಳಲ್ಲಿ ಎಂಟು ದಿನ ಸುತ್ತಮುತ್ತೆಲ್ಲ ಜಡಿಮಳೆ ಬಿದ್ದಿದೆ, ನಮ್ಮ ಬೇಲಿಯೊಳಗೆ ಒಂದು ಹನಿಯಿಲ್ಲ. ಮರುದಿನ ಕೂತು ಊಹಿಸಿ ತುಂಬಿದ ಹಾಗೆ ಕಾಣುತ್ತದೆ.

ಏಪ್ರಿಲಿನಲ್ಲಿ ಸಮಿತಿಯ ಮುಂದೆ ನನ್ನ ಮೊದಲ ಪರೀಕ್ಷೆ. ಅಂಕಿಗಳು ಶುದ್ಧವಾಗಿವೆ ಎಂದು ನಾನು ಸಹಿ ಹಾಕಿಕೊಡಬೇಕು. ಹಾಕದಿದ್ದರೆ ವಿಷಯ ಬದಲಿಸಬೇಕು, ವರ್ಷ ಹೋಗುತ್ತದೆ. ಇಲ್ಲಿ ಓದುತ್ತಿದ್ದರೆ ಮಾತ್ರ ಪರವಾನಗಿ, ಪರವಾನಗಿ ಇದ್ದರೆ ಮಾತ್ರ ನಾನಿಲ್ಲಿ.

ನೀವು ಇಲ್ಲ ಅನ್ನಿ ಅಪ್ಪ. ಅವೆಲ್ಲ ಅಳೆದು ಬರೆದದ್ದೇ ಅನ್ನಿ. ನಾನು ನಂಬುತ್ತೇನೆ, ಮತ್ತೆ ಕೇಳುವುದಿಲ್ಲ.

ನಿಮ್ಮ ಮಗಳು

೩ ಮಾರ್ಚ್

ಮಗಳಿಗೆ,

ಎಲ್ಲ ಅಳೆದು ಬರೆದದ್ದೇ. ಹವೆಯನ್ನು ಯಾರಿಂದಲೂ ಹಿಡಿದು ನಿಲ್ಲಿಸಲಾಗುವುದಿಲ್ಲ, ಅಲ್ಲಿ ಸುರಿದದ್ದು ಇಲ್ಲಿ ಸುರಿಯಬೇಕೆಂದಿಲ್ಲ. ನೀನು ಧೈರ್ಯವಾಗಿ ಸಹಿ ಹಾಕು.

ಅಪ್ಪ

೨೦ ಏಪ್ರಿಲ್

ಅಪ್ಪನಿಗೆ,

ಸಹಿ ಹಾಕಿದೆ. ಸಮಿತಿಯಲ್ಲಿ ಒಬ್ಬರು ಅದೇ ಪ್ರಶ್ನೆ ಕೇಳಿದರು. ವೀಕ್ಷಕರನ್ನೇ ವಿಚಾರಿಸಿದ್ದೇನೆ, ಅವರ ಮಾತಿನ ಮೇಲೆ ನನಗೆ ಪೂರ್ತಿ ಭರವಸೆ ಇದೆ ಎಂದೆ. ಪಾಸಾಯಿತು. ಪರವಾನಗಿ ಮುಂದುವರಿಸಲು ಬೇಕಾದ ಕಾಗದವೂ ಸಿಗುತ್ತದೆ.

ಇನ್ನು ಮುಂದೆ ಕೆಲಸ ಜಾಸ್ತಿ, ಪತ್ರ ಬರೆಯಲು ಆಗಲಿಕ್ಕಿಲ್ಲ. ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡುತ್ತಿರುತ್ತೇನೆ.

ಇತಿ,
ಮಗಳು

೯ ಜುಲೈ

ಪುಟ್ಟೀ,

ನಾನು ಪತ್ರ ಬರೆದು ಎಷ್ಟು ವರ್ಷವಾಯಿತೋ. ಫೋನಿನಲ್ಲಿ ಹೇಳೋಣವೆಂದರೆ ಇವರು ಪಕ್ಕದಲ್ಲೇ ಕೂತಿರುತ್ತಾರೆ. ನೀನು ಅಪ್ಪನಿಗೆ ಕೊಡು ಅನ್ನುತ್ತೀಯೇನೋ ಎಂದು ಕಾಯುತ್ತಾರೆ. ನೀನು ಅನ್ನುವುದಿಲ್ಲ. ಎದ್ದು ಹೋಗುತ್ತಾರೆ.

ಜೂನ್ ಮೂವತ್ತಕ್ಕೆ ಇವರ ನಿವೃತ್ತಿಯಾಯಿತು. ಮುಖ್ಯ ಕಚೇರಿಯಿಂದ ಮೂರು ಜನ ಬಂದಿದ್ದರು. ಒಂದು ದಿನವೂ ತಪ್ಪದ ದಾಖಲೆ ಎಂದು ಹೊಗಳಿ, ಗಾಜು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು. ನಾನು ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದೆ. ಎರಡು ಮಾತಾಡಿ ಅಂದರೆ ಇವರು ಮೈಕಿನ ಮುಂದೆ ನಿಂತು ಕೆಮ್ಮಿ ಬಂದುಬಿಟ್ಟರು. ಮನೆಗೆ ಬಂದವರೇ ಆ ಗಾಜನ್ನು ಬೀರುವಿನ ಹಿಂದೆ ಗೋಡೆ ಕಡೆ ಮುಖ ಮಾಡಿ ಇಟ್ಟರು. ಕೇಳಿದರೆ ಮೊಳೆ ಇಲ್ಲ ಅಂದರು. ಮೊಳೆ ತಂದುಕೊಟ್ಟೆ. ಆಮೇಲೆ ನನ್ನ ಮುಂದೆ ಎಲ್ಲ ಬಿಚ್ಚಿ ಹೇಳಿದರು.

ಇವರು ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ನನಗೂ ಸಿಟ್ಟು ಬಂತು. ಆದರೆ ಹೊಸ ವೀಕ್ಷಕ ಬಂದಮೇಲೂ ಇವರಿಗೆ ಎಂಟೂವರೆ ಆದರೆ ಕಾಲು ನಿಲ್ಲುವುದಿಲ್ಲ. ಬೇಲಿಯ ಹೊರಗೆ ಹೋಗಿ ನಿಂತು ಬರುತ್ತಾರೆ. ನೀನು ಬೈದಾದರೂ ಬರೆ ಪುಟ್ಟಿ. ಈ ಮೌನವನ್ನು ನಾನು ನೋಡಲಾರೆ.

ಅಮ್ಮ

೧ ಸೆಪ್ಟೆಂಬರ್

ಮಗಳೇ,

ಇದರ ಜೊತೆ ಒಂದು ಪಟ್ಟಿ ಇಟ್ಟಿದ್ದೇನೆ. ಅಳೆಯದೆ ಬರೆದ ದಿನಗಳೆಲ್ಲ ಅದರಲ್ಲಿವೆ, ಮೂವತ್ತೆಂಟು. ನೀನು ಹಿಡಿದ ಇಪ್ಪತ್ತೊಂಬತ್ತರಲ್ಲಿ ನಾಲ್ಕು ನಿಜವಾದವು. ಹವೆ ಒಮ್ಮೊಮ್ಮೆ ನನಗಿಂತ ಚೆನ್ನಾಗಿ ಸುಳ್ಳು ಹೇಳುತ್ತದೆ. ನಿನ್ನ ಕೈಗೆ ಸಿಗದವು ಹದಿಮೂರು. ಒಂದು ಸಣ್ಣ ಡೈರಿಯಲ್ಲಿ ಗುರುತು ಮಾಡಿಟ್ಟಿದ್ದೆ, ಯಾಕೆಂದು ಗೊತ್ತಿಲ್ಲ. ಯಾವತ್ತೋ ಒಂದು ದಿನ ಯಾರಿಗೋ ಒಪ್ಪಿಸಬೇಕಾಗುತ್ತದೆ ಅನ್ನಿಸಿರಬೇಕು.

ಕೆಲಸಕ್ಕೆ ಬಾರದ ದಿನವನ್ನು ಖಾಲಿ ಬಿಟ್ಟು ಪಕ್ಕದಲ್ಲಿ ಕಾರಣ ಬರೆಯಬೇಕು, ನಿಯಮವೇ ಹಾಗಿದೆ. ಅದರಲ್ಲಿ ಅವಮಾನವೇನೂ ಇರಲಿಲ್ಲ. ಆದರೆ ಮೊದಲ ವರ್ಷ ಒಂದೂ ಖಾಲಿ ಬಿಡಲಿಲ್ಲ ಎಂದು ಮುಖ್ಯ ಕಚೇರಿಯ ದೊಡ್ಡ ಸಾಹೇಬರು ಎಲ್ಲರೆದುರು ಬೆನ್ನು ತಟ್ಟಿದರು. ಎರಡನೆಯ ವರ್ಷವೂ ತಟ್ಟಿದರು. ಮೂರನೆಯ ವರ್ಷ ನಿನಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಎರಡು ದಿನ ಇರಬೇಕಾಯಿತು. ಬದಲಿಯವರು ಬೇಕಿದ್ದರೆ ಮೂರು ದಿನ ಮೊದಲೇ ಕೇಳಬೇಕಿತ್ತು. ವಾಪಸು ಬಂದು ರಿಜಿಸ್ಟರು ತೆರೆದರೆ ಆ ಎರಡು ಖಾಲಿ ಸಾಲುಗಳನ್ನು ನೋಡಲಾಗಲಿಲ್ಲ. ತುಂಬಿಬಿಟ್ಟೆ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದರೆ ಚೆನ್ನಾಗಿತ್ತು.

ಎಲ್ಲ ನಿನಗಾಗಿಯೇ ಮಾಡಿದೆ ಅಂತ ತಿಳಿಯಬೇಡ. ಐದು ದಿನ ಬರೀ ಸೋಮಾರಿತನ, ಅದರಲ್ಲೊಂದು ಪಂದ್ಯ ನೋಡಲು ಹೋದದ್ದು. ಏಳು ದಿನ ನಿಮ್ಮಮ್ಮನ ಆಪರೇಷನ್ನಿನವು. ಉಳಿದ ಇಪ್ಪತ್ತಾರು ನಿನ್ನವು. ಶಾಲೆಗೆ ಸೇರಿಸಲು, ಹಲ್ಲಿನ ಡಾಕ್ಟರಲ್ಲಿಗೆ, ಪಾಸ್‌ಪೋರ್ಟಿಗೆ ಎರಡು ಸಲ, ವೀಸಾ ಸಂದರ್ಶನಕ್ಕೆ ಒಂದು ಸಲ. ಭಾಷಾ ಪರೀಕ್ಷೆಗೆ ಮೂರು ಗಂಟೆ ಬಸ್ಸಿನಲ್ಲಿ ಹೋಗಿ, ನೀನು ಒಳಗೆ ಬರೆಯುವಾಗ ನಾನು ಎದುರಿನ ಕಟ್ಟೆಯ ಮೇಲೆ ನಿನ್ನ ನೀರಿನ ಬಾಟಲಿ ಹಿಡಿದು ಸಂಜೆಯವರೆಗೆ ಕೂತಿದ್ದೆ. ಆವತ್ತು ನಮ್ಮೂರಲ್ಲಿ ಎಷ್ಟು ಸೆಕೆ ಇತ್ತು, ಮಳೆ ಬಿತ್ತೋ ಇಲ್ಲವೋ, ದೇವರಾಣೆ ನನಗೆ ಗೊತ್ತಿಲ್ಲ.

ಮಾರ್ಚಿನಲ್ಲಿ ನಿನಗೆ ಸುಳ್ಳು ಬರೆದೆ. ರಿಜಿಸ್ಟರಿನಲ್ಲಿ ಬರೆದದ್ದಕ್ಕಿಂತ ಅದು ನನ್ನನ್ನು ಹೆಚ್ಚು ಸುಡುತ್ತಿದೆ. ಈ ಪಟ್ಟಿಯನ್ನು ನಿನ್ನ ಗೈಡ್‌ಗೆ ತೋರಿಸು. ಮೂವತ್ತೆಂಟು ದಿನ ತೆಗೆದುಹಾಕಿದರೂ ಎಂಟು ಸಾವಿರಕ್ಕೂ ಹೆಚ್ಚು ದಿನ ಉಳಿಯುತ್ತವೆ. ಅವನ್ನು ನಾನು ಬಿಸಿಲಲ್ಲಿ ನಿಂತು, ನೆನೆದುಕೊಂಡು, ಜ್ವರದಲ್ಲಿ ಎದ್ದು ಹೋಗಿ ಅಳೆದಿದ್ದೇನೆ. ಅವು ಉಳಿದರೆ ಸಾಕು. ನನ್ನ ಪ್ರಶಸ್ತಿಯ ಚಿಂತೆ ನಿನಗೆ ಬೇಡ.

ಅಪ್ಪ

೨೮ ನವೆಂಬರ್, ಮರುವರ್ಷ

ಅಪ್ಪ,

ನಿಮ್ಮ ಪಟ್ಟಿ ಬಂದು ಹದಿನಾಲ್ಕು ತಿಂಗಳಾಯಿತು. ಮುಖ್ಯ ಕಚೇರಿಯವರು ಪ್ರಶಸ್ತಿಪತ್ರವನ್ನು ವಾಪಸು ಕೇಳಿದರು, ನೀವೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಕೊಟ್ಟುಬಂದಿರಿ ಎಂದು ಅಮ್ಮ ಹೇಳಿದಳು. ಯಾಕೆ ಹೀಗಾಯಿತು ಎಂದು ನೀವು ನನ್ನನ್ನು ಕೇಳಲಿಲ್ಲ. ನಾನು ಗೈಡ್‌ಗೆ ಪಟ್ಟಿ ಕೊಟ್ಟೆ, ಅವರು ಕಚೇರಿಗೆ ತಿಳಿಸಿದರು, ಹಾಗಾಗಿ ಹೀಗಾಯಿತು ಎಂದು ತಿಳಿದುಕೊಂಡಿರಬೇಕು. ಹಾಗಲ್ಲ ಅಪ್ಪ.

ನಾನು ಪಟ್ಟಿಯನ್ನು ಕೊಡಲೇ ಇಲ್ಲ. ಓದಿ, ಮಡಚಿ, ನಿಘಂಟಿನೊಳಗೆ ಇಟ್ಟೆ. ಜನವರಿಯಲ್ಲಿ ಪರವಾನಗಿ ಮುಂದುವರಿಯಬೇಕಿತ್ತು, ಅದು ಆಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅದು ಆಯಿತು. ಮೊದಲ ಲೇಖನ ಅಚ್ಚಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ಹೊಸದಾಗಿ ಸೇರಿದವಳೊಬ್ಬಳಿಗೆ ಗೈಡ್ ನಿಮ್ಮ ಅಂಕಿಗಳನ್ನೇ ಅಭ್ಯಾಸಕ್ಕೆ ಕೊಟ್ಟರು. ಅವಳು ಮೂರು ವಾರದಲ್ಲಿ ಹಿಡಿದಳು. ನಾನು ಹೇಳಲಿಲ್ಲ, ಸಿಕ್ಕಿಬಿದ್ದೆ.

ಗೈಡ್ ಬಾಗಿಲು ಮುಚ್ಚಿ ಒಂದೇ ಪ್ರಶ್ನೆ ಕೇಳಿದರು, ಇದು ನಿನಗೆ ಯಾವಾಗ ಗೊತ್ತಾಯಿತು ಅಂತ. ಆಗ ಪಟ್ಟಿ ತೆಗೆದುಕೊಟ್ಟೆ. ಅವರೆದುರು ಕೂತು ಒಂದೊಂದೇ ಸಾಲನ್ನು ಅವರ ಭಾಷೆಯಲ್ಲಿ ಹೇಳಿದೆ. ಕೊನೆಯವರೆಗೆ ಕೇಳಿ ಅವರು ಅಂದದ್ದು ಇಷ್ಟು. ಹೋದ ಸೆಪ್ಟೆಂಬರಿನಲ್ಲೇ ಇದನ್ನು ತಂದುಕೊಟ್ಟಿದ್ದರೆ ಮೂವತ್ತೆಂಟು ದಿನಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಇಟ್ಟುಕೊಳ್ಳಬಹುದಿತ್ತು. ಈಗ ಶುದ್ಧ ಎಂದು ಸಹಿ ಹಾಕಿದವಳೇ ಬಚ್ಚಿಟ್ಟಿದ್ದಾಳೆ, ಇನ್ನು ಈ ಪಟ್ಟಿಯನ್ನು ಯಾರು ನಂಬಬೇಕು?

ಹಾಗಾಗಿ ಇಪ್ಪತ್ನಾಲ್ಕು ವರ್ಷಗಳ ಮೇಲೂ ಸಂಶಯಾಸ್ಪದ ಎಂಬ ಮುದ್ರೆ ಬಿತ್ತು. ನೀವು ಜ್ವರದಲ್ಲಿ ಎದ್ದು ಹೋಗಿ ಅಳೆದ ದಿನಗಳ ಮೇಲೂ ಬಿತ್ತು. ಆ ಮುದ್ರೆಯನ್ನು ಒತ್ತಿಸಿದ್ದು ನಿಮ್ಮ ಮೂವತ್ತೆಂಟು ದಿನಗಳಲ್ಲ, ನನ್ನ ಆರು ತಿಂಗಳು. ಇದನ್ನು ನಿಮಗೆ ಹೇಳಲು ಬಾಯಿ ಬರಲಿಲ್ಲ, ಕೈಯೂ ಬರಲಿಲ್ಲ.

ಇನ್ನೊಂದು ವಿಷಯವಿದೆ. ಹೋಲಿಕೆ ಮಾಡಿ ಆ ಇಪ್ಪತ್ತೊಂಬತ್ತು ದಿನಗಳು ಸಿಕ್ಕಾಗ ನಾನು ಮೊದಲು ಹುಡುಕಿದ್ದು ಭಾಷಾ ಪರೀಕ್ಷೆಯ ದಿನಾಂಕವನ್ನು. ಅದು ಅವುಗಳಲ್ಲಿತ್ತು. ಆವತ್ತು ನೀವು ಎಲ್ಲಿ ಕೂತಿದ್ದಿರಿ ಎಂದು ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ಎರಡು ಸಲ ಪರೀಕ್ಷೆಯ ಕೋಣೆಯ ಕಿಟಕಿಯಿಂದ ನೋಡಿದ್ದೆ. ಎಲ್ಲ ಗೊತ್ತಿದ್ದೂ ನಿಮಗೆ ಆ ಪತ್ರ ಬರೆದೆ. ನಾನು ಕೇಳಿದ್ದು ನಿಜವನ್ನಲ್ಲ ಅಪ್ಪ. ಒಂದು ಸುಳ್ಳು ಬೇಕಾಗಿತ್ತು, ಅದನ್ನು ನಿಮ್ಮ ಬಾಯಿಂದ ಹೇಳಿಸಿದೆ. ನೀವು ಎಂದಿನಂತೆ ನಾನು ಕೇಳಿದ್ದನ್ನು ಕೊಟ್ಟಿರಿ. ಆಮೇಲೆ ಅದಕ್ಕೇ ಸಿಟ್ಟಾಗಿ ನಿಮ್ಮೊಡನೆ ಮಾತು ಬಿಟ್ಟೆ.

ಡಾಕ್ಟರೇಟು ಮುಗಿಸಲು ಬಿಡಲಿಲ್ಲ, ಕೆಳಗಿನ ಪದವಿ ಕೊಟ್ಟು ಕಳಿಸಿದರು. ಬೇರೆ ಊರಿಗೆ ಬಂದಿದ್ದೇನೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ, ದಿನಕ್ಕೆ ಅರುವತ್ತು ಬಾಟಲಿ. ಇಲ್ಲಿಯ ಕಿಟಕಿ ಪೂರ್ತಿ ತೆರೆಯುತ್ತದೆ. ಹೊಸ ಪರವಾನಗಿ ಕೈಗೆ ಬರುವವರೆಗೆ ದೇಶ ಬಿಡುವ ಹಾಗಿಲ್ಲ, ಇನ್ನೊಂದು ವರ್ಷವಾಗಬಹುದು ಅನ್ನುತ್ತಾರೆ. ಇಲ್ಲವಾದರೆ ಈ ಪತ್ರ ಬರೆಯುವ ಬದಲು ನಾನೇ ಬರುತ್ತಿದ್ದೆ.

ಹೊರಡುವ ಮೊದಲು ಗೈಡ್ ನನ್ನನ್ನು ಕರೆದು ಕೊನೆಯ ಕೆಲಸವೊಂದನ್ನು ಕೊಟ್ಟರು. ನಿಮ್ಮ ಅಂಕಿಗಳನ್ನು ಎಸೆಯುವುದು ಬೇಡ, ತಿದ್ದಿದ ಪ್ರತಿಯೊಂದನ್ನು ದಾಖಲೆಯ ಕೋಣೆಯಲ್ಲಿ ಇಡೋಣ, ಮುಂದೆ ಯಾರಾದರೂ ತಾಳ್ಮೆಯಿಂದ ಪರೀಕ್ಷಿಸಿಯಾರು ಎಂದರು. ಒಂದು ವಾರ ಕೂತು ಮೂವತ್ತೆಂಟು ಸಾಲುಗಳನ್ನು ಅಳಿಸಿದೆ. ಖಾಲಿ ಬಿಟ್ಟ ಪ್ರತಿ ದಿನದ ಮುಂದೆ ಕಾರಣ ಬರೆಯಬೇಕು. ಮೂರೇ ಕಾರಣಗಳಿದ್ದವು: ಉಪಕರಣ ಕೆಟ್ಟಿತ್ತು, ಪುಟ ಕಳೆದಿದೆ, ವೀಕ್ಷಕರು ಸ್ಥಳದಲ್ಲಿರಲಿಲ್ಲ. ಮೂವತ್ತೆಂಟಕ್ಕೂ ಮೂರನೆಯದನ್ನೇ ಬರೆದೆ. ವೀಕ್ಷಕರು ಎಲ್ಲಿದ್ದರು ಎಂದು ಯಾರೂ ಕೇಳುವುದಿಲ್ಲ, ಕೇಳುವ ಕಾಲಂ ಅದರಲ್ಲಿಲ್ಲ. ಇಪ್ಪತ್ತಾರು ದಿನ ನನ್ನ ಜೊತೆ ಇದ್ದರು.

ನಿಮ್ಮ ಮಗಳು